ಸೀಟು ಕುಸಿಯಿತು, ಮತ ಏರಿತು

2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 104 ಸೀಟು ಗೆದ್ದಿದ್ದ ಬಿಜೆಪಿ, 2023ರಲ್ಲಿ 66ಕ್ಕೆ ಇಳಿಯಿತು. ಟಿ.ವಿ.ಯಲ್ಲಿ ಬಣ್ಣ ಬದಲಾಗುತ್ತಿದ್ದ ನಕ್ಷೆ ನೋಡಿದವರಿಗೆ, ಜನ ಆ ಪಕ್ಷದ ಕೈಬಿಟ್ಟರು ಅನ್ನಿಸಿದ್ದರೆ ಅಚ್ಚರಿಯಿಲ್ಲ. ಮತಗಳ ಲೆಕ್ಕ ಮಾತ್ರ ಬೇರೆಯೇ ಇದೆ. 2018ರಲ್ಲಿ ಬಿಜೆಪಿಗೆ ಬಿದ್ದದ್ದು ಸುಮಾರು 1.33 ಕೋಟಿ ಮತ, 2023ರಲ್ಲಿ ಸುಮಾರು 1.40 ಕೋಟಿ. ಅಂದರೆ 38 ಸೀಟು ಕಳೆದುಕೊಂಡ ಪಕ್ಷಕ್ಕೆ ಏಳು ಲಕ್ಷದಷ್ಟು ಮತ ಹೆಚ್ಚೇ ಬಂದಿತ್ತು. ಶೇಕಡಾವಾರು ಪಾಲು ಎರಡೂ ಸಲ 36ರ ಆಸುಪಾಸು.

ಬದಲಾವಣೆ ಆದದ್ದು ಎದುರಾಳಿಗಳಲ್ಲಿ. ಕಾಂಗ್ರೆಸ್ಸಿನ ಪಾಲು ಶೇ 38ರಿಂದ 43ಕ್ಕೆ ಏರಿತು. ಜೆಡಿಎಸ್ ಶೇ 18ರಿಂದ 13ಕ್ಕೆ ಜಾರಿತು. ಮೇಲ್ನೋಟಕ್ಕೆ ದಳದ ಐದು ಅಂಶ ಹಾಗೇ ಕಾಂಗ್ರೆಸ್ಸಿನ ಖಾತೆಗೆ ಜಮಾ ಆದಂತೆ ಕಾಣುತ್ತದೆ. ಗುಪ್ತ ಮತದಾನವಾದ್ದರಿಂದ ಯಾರು ಎಲ್ಲಿಂದ ಎಲ್ಲಿಗೆ ಹೋದರೆಂದು ಆಣೆಮಾಡಿ ಹೇಳಲಾಗದು. ಆದರೂ ಯಾವ ಪಕ್ಷದ ಬೆನ್ನಿಗೆ ಎಷ್ಟು ಮಂದಿ ಇದ್ದಾರೆ ಎಂದು ತಿಳಿಯಲು ಸೀಟು ಎಣಿಸುವುದಕ್ಕಿಂತ ಈ ಲೆಕ್ಕವೇ ವಾಸಿ.

ಬೆಂಬಲಿಗರನ್ನು ನೇರವಾಗಿ ಎಣಿಸುವ ದಾರಿ ನಮ್ಮಲ್ಲಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಮತದಾರರು ಹೆಸರು ನೋಂದಾಯಿಸುವಾಗಲೇ ತಾವು ಯಾವ ಪಕ್ಷದವರೆಂದು ಬರೆಸಬಹುದು. ನಮ್ಮ ಮತದಾರರ ಪಟ್ಟಿಯಲ್ಲಿ ಅಂಥ ಕಾಲಂ ಇಲ್ಲ. ಪಕ್ಷಗಳು ಹೇಳುವ ಸದಸ್ಯತ್ವದ ಸಂಖ್ಯೆಯೂ ಅಷ್ಟಕ್ಕಷ್ಟೆ. ಮಿಸ್ಡ್ ಕಾಲ್ ಕೊಟ್ಟು ಸದಸ್ಯರಾದವರೆಲ್ಲ ಮತಗಟ್ಟೆಗೆ ಬಂದೇ ಬರುತ್ತಾರೆಂಬ ಖಾತ್ರಿ ಯಾರಿಗಿದೆ?

ಮತ ಹೆಚ್ಚು, ಸೀಟು ಕಡಿಮೆ ಎಂಬ ಫಜೀತಿ ಕರ್ನಾಟಕದ ಕಾಂಗ್ರೆಸ್ಸಿಗೆ ಹಳೆಯದು. 2004ರಲ್ಲಿ ಶೇ 35 ಮತ ಪಡೆದ ಅದು 65 ಸೀಟಿಗೆ ನಿಂತಿತು. ಶೇ 28 ಪಡೆದ ಬಿಜೆಪಿ 79 ಗೆದ್ದಿತು. 2008ರಲ್ಲಿ ಕಾಂಗ್ರೆಸ್ಸಿಗೆ ಶೇ 34.8 ಮತ, 80 ಸೀಟು. ಬಿಜೆಪಿಗೆ ಶೇ 33.9 ಮತ, 110 ಸೀಟು. 2018ರಲ್ಲೂ ಬಿಜೆಪಿಗಿಂತ ಆರು ಲಕ್ಷಕ್ಕೂ ಹೆಚ್ಚು ಮತ ಪಡೆದು ಕಾಂಗ್ರೆಸ್ ಹಿಂದೆ ಬಿತ್ತು.

ಕಾರಣ ಭೂಗೋಳದಲ್ಲಿದೆ. ಕಾಂಗ್ರೆಸ್ ಮತದಾರರು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಕಡೆ ಹರಡಿಕೊಂಡಿದ್ದಾರೆ. ಎಲ್ಲ ಕಡೆ ಇದ್ದೂ ಹಲವು ಕಡೆ ಎರಡನೆಯ ಸ್ಥಾನದಲ್ಲಿ ನಿಂತರೆ ಆ ಮತಗಳಿಂದ ಒಬ್ಬ ಶಾಸಕನೂ ಹುಟ್ಟುವುದಿಲ್ಲ. ಇತರ ಎರಡು ಪಕ್ಷಗಳ ಬಲ ಗುಂಪುಗೂಡಿದ್ದು. 2018ರಲ್ಲಿ ಉಡುಪಿ ಜಿಲ್ಲೆಯ ಐದಕ್ಕೆ ಐದನ್ನೂ ದಕ್ಷಿಣ ಕನ್ನಡದ ಎಂಟರಲ್ಲಿ ಏಳನ್ನೂ ಬಿಜೆಪಿ ಗೆದ್ದಿತು. ಮಂಡ್ಯ ಜಿಲ್ಲೆಯ ಏಳೂ ಕ್ಷೇತ್ರ ಜೆಡಿಎಸ್ ಪಾಲಾದವು. ಹಾಗೆ ಗುಂಪುಗೂಡದಿದ್ದರೆ ಏನಾಗುತ್ತದೆಂಬುದಕ್ಕೆ 2014ರ ಲೋಕಸಭಾ ಚುನಾವಣೆಯ ಬಿಎಸ್‌ಪಿ ಸಾಕು: ಎರಡು ಕೋಟಿಗೂ ಹೆಚ್ಚು ಮತ, ಮತಗಳಿಕೆಯಲ್ಲಿ ದೇಶಕ್ಕೇ ಮೂರನೆಯ ಸ್ಥಾನ, ಗೆದ್ದ ಸೀಟು ಸೊನ್ನೆ.

2023ರಲ್ಲಿ ಕನಕಪುರದ ಡಿ.ಕೆ. ಶಿವಕುಮಾರ್ 1.22 ಲಕ್ಷ ಮತಗಳ ಅಂತರದಲ್ಲಿ ಗೆದ್ದರು. ಅದೇ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ 16 ಮತಗಳಲ್ಲಿ ಬಿಜೆಪಿಗೆ ಹೋಯಿತು. ಎರಡೂ ತಲಾ ಒಂದೊಂದು ಸೀಟೇ. 2004ರಲ್ಲಿ ಸಂತೆಮರಹಳ್ಳಿಯ ಆರ್. ಧ್ರುವನಾರಾಯಣ ಅವರಿಗೆ ಬಿದ್ದದ್ದು 40,752 ಮತ, ಎದುರಾಳಿ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಸೀಟು ಹೇಳದ್ದನ್ನು ಮತದ ಲೆಕ್ಕ ಹೇಳುತ್ತದೆ. ಮತ ಎಣಿಕೆಯ ದಿನ ಜಾಲರಿಯ ಈಚೆ ಕೂತ ಏಜೆಂಟರು ಇದಕ್ಕೇ ಗೆಲುವು ಖಚಿತವಾದ ಮೇಲೂ ಪೆನ್ನು ಕೆಳಗಿಡುವುದಿಲ್ಲ. ಯಂತ್ರ ಒಂದೊಂದು ಬೂತಿನ ಲೆಕ್ಕ ತೋರಿಸುತ್ತಿದ್ದಂತೆ ಹಾಳೆಯಲ್ಲಿ ಗೀಚಿಕೊಳ್ಳುತ್ತಾರೆ. ಯಾವ ಊರಲ್ಲಿ ಲೀಡ್ ಬಂತು, ಯಾವ ಕೇರಿ ಕೈಕೊಟ್ಟಿತು ಎಂಬ ಆ ಹಾಳೆಯೇ ಮುಂದಿನ ಚುನಾವಣೆಯ ಬಂಡವಾಳ.

ಪಕ್ಷ ಒಡೆದಾಗ ಲೆಕ್ಕ ಇನ್ನೂ ಗೋಜಲು. 2013ರಲ್ಲಿ ಬಿಜೆಪಿ ಶೇ 20 ಮತಕ್ಕೆ ಕುಸಿದು 40 ಸೀಟು ಗಳಿಸಿತು. ಆದರೆ ಹೊರನಡೆದಿದ್ದ ಯಡಿಯೂರಪ್ಪನವರ ಕೆಜೆಪಿಗೆ ಸುಮಾರು ಶೇ 10, ಶ್ರೀರಾಮುಲು ಅವರ ಬಿಎಸ್ಆರ್ ಕಾಂಗ್ರೆಸ್ಸಿಗೆ ಶೇ 3ರ ಹತ್ತಿರ ಬಂದಿತ್ತು. ಕೂಡಿಸಿದರೆ ಶೇ 32 ದಾಟುತ್ತದೆ, 2008ರ ಪಾಲಿಗಿಂತ ತುಸುವೇ ಕಡಿಮೆ. ನೆಲೆ ಕರಗಿರಲಿಲ್ಲ, ಮೂರು ಹೋಳಾಗಿತ್ತು.

ಮೈತ್ರಿಯಾದಾಗಲೂ ಇದೇ ತಾಪತ್ರಯ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಬಿಜೆಪಿಗೆ ಶೇ 46, ಕಾಂಗ್ರೆಸ್ಸಿಗೆ ಶೇ 45ಕ್ಕೂ ಹೆಚ್ಚು. ಸಮಬಲ ಅನ್ನುವ ಮೊದಲು, ಜೆಡಿಎಸ್ ಜೊತೆ ಮೈತ್ರಿ ಮಾಡಿಕೊಂಡಿದ್ದ ಬಿಜೆಪಿ ನಿಂತದ್ದು 25 ಕಡೆ, ಕಾಂಗ್ರೆಸ್ 28ರಲ್ಲೂ ನಿಂತಿತ್ತು ಎಂಬುದನ್ನು ನೆನೆಯಬೇಕು. ಆ 25ರಲ್ಲಿ ಬಿದ್ದ ದಳದ ಮತವನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಚನ್ನಪಟ್ಟಣವಂತೂ ಪಂಡಿತರನ್ನೇ ತಬ್ಬಿಬ್ಬು ಮಾಡಿತು. 2023ರಲ್ಲಿ ಅಲ್ಲಿ ಜೆಡಿಎಸ್‌ನ ಕುಮಾರಸ್ವಾಮಿ ಗೆದ್ದು, ಬಿಜೆಪಿಯ ಸಿ.ಪಿ. ಯೋಗೇಶ್ವರ್ ಎರಡನೆಯವರಾಗಿದ್ದರು, ಕಾಂಗ್ರೆಸ್ಸಿಗೆ ಸಿಕ್ಕಿದ್ದು 15 ಸಾವಿರ ಚಿಲ್ಲರೆ ಮತ. 2024ರ ನವೆಂಬರಿನ ಉಪಚುನಾವಣೆಗೆ ಯೋಗೇಶ್ವರ್ ಕಾಂಗ್ರೆಸ್ಸಿಗೆ ಬಂದರು. ಎದುರಿಗೆ ಎನ್‌ಡಿಎ ಮೈತ್ರಿಯ ನಿಖಿಲ್ ಕುಮಾರಸ್ವಾಮಿ. ಎರಡು ಪಕ್ಷಗಳ ಹಿಂದಿನ ಮತ ಕೂಡಿಸಿದವರು ನಿಖಿಲ್ ಗೆಲುವು ಸಲೀಸು ಅಂದುಕೊಳ್ಳಬಹುದಿತ್ತು. ಯೋಗೇಶ್ವರ್ 1.12 ಲಕ್ಷ ಮತ ಪಡೆದು 25 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು.