ರೇಸಿಗೂ ರಸ್ತೆಗೂ ಒಂದೇ ಕಾರು

ಡ್ರ್ಯಾಗ್ ರೇಸಿಗೂ ದಿನದ ಓಡಾಟಕ್ಕೂ ಒಂದೇ ಕಾರು ಬೇಕಾದರೆ ಹಿಂಬದಿಗೆ ಎಂಥ ಸಸ್ಪೆನ್ಷನ್ ಒಳ್ಳೆಯದು?
– ಓದುಗರೊಬ್ಬರು, ಮುಕ್ಕುಂದ, ಸಿಂಧನೂರು ತಾಲೂಕು

ಗದ್ದೆಯ ಕೆಸರಲ್ಲಿ ಹೂತ ಟ್ರ್ಯಾಕ್ಟರಿನ ಕ್ಲಚ್ ಒಮ್ಮೆಲೇ ಬಿಟ್ಟರೆ ಮೂತಿ ಮೇಲೇಳುತ್ತದೆ. ಗಾಲಿಯನ್ನು ಮುಂದಕ್ಕೆ ತಿರುಗಿಸುವ ಬಲವೇ ಆಕ್ಸಲ್ಲಿನ ಮೈಯನ್ನು ಹಿಂದಕ್ಕೆ ತಿರುಚುತ್ತದೆ. ಡ್ರ್ಯಾಗ್ ರೇಸಿನ 402 ಮೀಟರ್ ಓಟಕ್ಕೆ ಚಿಮ್ಮುವ ಕಾರಿನಲ್ಲೂ, ಹಿಂಗಾಲಿಗೆ ಶಕ್ತಿ ಹೋಗುವಂತಿದ್ದರೆ, ಇದೇ ತಿರುಚು.

ಬರೀ ಲೀಫ್ ಸ್ಪ್ರಿಂಗ್ ಇದ್ದರೆ ಪಟ್ಟಿಗಳು ಈ ತಿರುಚಿಗೆ ಬಾಗಿ, ಥಟ್ಟನೆ ಮರಳುತ್ತವೆ. ಗಾಲಿ ಕುಪ್ಪಳಿಸಿ ಹಿಡಿತ ತಪ್ಪುತ್ತದೆ. ಆಕ್ಸಲ್ಲಿನಿಂದ ಮುಂದಕ್ಕೆ ಚಾಚಿ ಚಾಸಿಗೆ ಸೇರುವ ಲ್ಯಾಡರ್ ಬಾರ್ ತಿರುಚನ್ನು ಗಟ್ಟಿಯಾಗಿ ತಡೆಯುತ್ತದೆ. ನೇರ ಓಟಕ್ಕೆ ಸರಿ, ತಿರುವಿನಲ್ಲಿ ಬಿಗಿಯುತ್ತದೆ. ಫೋರ್ ಲಿಂಕಿನ ನಾಲ್ಕು ತೋಳುಗಳು ತಿರುಚನ್ನೂ ತಡೆದು, ಗುಂಡಿ ಸಿಕ್ಕಾಗ ಆಕ್ಸಲ್ ಓರೆಯಾಗಲೂ ಬಿಡುತ್ತವೆ. ರಬ್ಬರ್ ಬುಷ್, ಕಾಯಿಲ್ ಸ್ಪ್ರಿಂಗ್ ಜೊತೆ ಅದನ್ನೇ ಆರಿಸಿ. ವೇಗ ಮಾತ್ರ ರೇಸ್ ಟ್ರ್ಯಾಕಿನಲ್ಲೇ ಇರಲಿ.