ಕೆಂಪು ದೀಪ ಯಾರಿಗೆ ಕತ್ತಲೆ?

ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜ-ಅಜ್ಜಿಯರ ಕಪ್ಪು-ಬಿಳುಪು ಫೋಟೋ ಇದೆಯೇ? ಇಂದು ಮೊಬೈಲ್‌ನಲ್ಲಿ ತೆಗೆದ ಚಿತ್ರ ಕೂಡಲೇ ಕಾಣುತ್ತದೆ. ಆದರೆ ಆ ಕಾಲದ ಛಾಯಾಗ್ರಾಹಕರು ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ, ಅಂದರೆ ಡಾರ್ಕ್ ರೂಮ್‌ನಲ್ಲಿ, ತಾವೇ ತೊಳೆಯುತ್ತಿದ್ದರು. ಆಸಕ್ತರು ಇಂದಿಗೂ ಹಾಗೆ ಮಾಡುತ್ತಾರೆ.

ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದಲ್ಲಿ ಏಳನೆಯ ತರಗತಿಯ ಮಕ್ಕಳ ಗುಂಪು ಫೋಟೋವನ್ನು ಫಿಲ್ಮ್‌ನಲ್ಲಿ ತೆಗೆದಿದ್ದಾರೆ ಎಂದುಕೊಳ್ಳಿ. ಅದೇ ರೋಲ್‌ನಲ್ಲಿ ಒಟ್ಟು 36 ಚಿತ್ರಗಳಿವೆ. ತೊಳೆಯುವಾಗ ತಪ್ಪು ದೀಪ ಹೊತ್ತಿಸಿದರೆ ಅಷ್ಟೂ ಚಿತ್ರಗಳು ಹಾಳು! ಮಕ್ಕಳು ಬೇರೆ ಬೇರೆ ಊರಿಗೆ ಹೋದ ಮೇಲೆ ಆ ಫೋಟೋ ಮತ್ತೆ ತೆಗೆಯಲು ಸಾಧ್ಯವೇ?

ಹಾಗಾದರೆ ಯಾವ ದೀಪ ಸುರಕ್ಷಿತ? ಸಿನಿಮಾಗಳಲ್ಲಿ ಡಾರ್ಕ್ ರೂಮ್ ಎಂದರೆ ಕೆಂಪು ದೀಪ. ಅದಕ್ಕೊಂದು ಕಾರಣವಿದೆ. ಫಿಲ್ಮ್ ಮತ್ತು ಫೋಟೋ ಕಾಗದದ ಮೇಲೆ ಬೆಳ್ಳಿ ಬ್ರೋಮೈಡ್‌ನಂಥ ಲವಣದ ಸಣ್ಣ ಹರಳುಗಳಿರುತ್ತವೆ. ಬೆಳಕು ತಾಗಿದ ಹರಳುಗಳು ಡೆವಲಪರ್ ದ್ರಾವಣದಲ್ಲಿ ಕಪ್ಪು ಬೆಳ್ಳಿಯಾಗುತ್ತವೆ. ನೀಲಿ ಬೆಳಕಿನಲ್ಲಿ ಶಕ್ತಿ ಹೆಚ್ಚು, ಕೆಂಪಿನಲ್ಲಿ ಕಡಿಮೆ. ಈ ಹರಳುಗಳಿಗೆ ನೀಲಿ ಬೆಳಕು ಚೆನ್ನಾಗಿ 'ಕಾಣುತ್ತದೆ'. ಕೆಂಪು ಬೆಳಕು ಅವುಗಳ ಪಾಲಿಗೆ ಕತ್ತಲೆ! ಆದ್ದರಿಂದ ಸಾಮಾನ್ಯ ಕಪ್ಪು-ಬಿಳುಪು ಫೋಟೋ ಕಾಗದವನ್ನು ಮಂದ ಕೆಂಪು ದೀಪದಲ್ಲಿ ತೊಳೆಯಬಹುದು.

ಫಿಲ್ಮ್‌ನ ಕಥೆ ಬೇರೆ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಎಂಬ ವಿಜ್ಞಾನಿ, ಕೆಲವು ವರ್ಣದ್ರವ್ಯಗಳನ್ನು ಸೇರಿಸಿದರೆ ಹರಳುಗಳು ಹಸಿರು ಬೆಳಕನ್ನೂ ಗುರುತಿಸುತ್ತವೆ ಎಂದು ಕಂಡುಹಿಡಿದರು. ಮುಂದೆ ಕೆಂಪನ್ನೂ ಗುರುತಿಸುವ ಫಿಲ್ಮ್ ಬಂತು. ಇದೇ 'ಪ್ಯಾನ್‌ಕ್ರೊಮ್ಯಾಟಿಕ್' ಫಿಲ್ಮ್. ಕ್ಯಾಮೆರಾಗಳಿಗೆ ಹೆಚ್ಚಾಗಿ ಬಳಸುವುದು ಇದನ್ನೇ. ಇದಕ್ಕೆ ಕೆಂಪು ದೀಪವೂ ಅಪಾಯ. ಪೂರ್ಣ ಕತ್ತಲೆಯೇ ಬೇಕು.

ಕತ್ತಲೆಯಲ್ಲಿ ಕೆಲಸ ಹೇಗೆ? ಕೈ ಅಳತೆಯಿಂದಲೇ ಫಿಲ್ಮನ್ನು ಸುರುಳಿಗೆ ಸುತ್ತಿ, ಬೆಳಕು ನುಸುಳದ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಾರೆ. ನಂತರ ದೀಪ ಹೊತ್ತಿಸಿ, ಮುಚ್ಚಳದ ಕಿಂಡಿಯಿಂದ ದ್ರಾವಣ ಸುರಿಯಬಹುದು. ಕೊನೆಯಲ್ಲಿ ಫಿಕ್ಸರ್ ಎಂಬ ದ್ರಾವಣ ಉಳಿದ ಹರಳುಗಳನ್ನು ಕರಗಿಸುತ್ತದೆ. ಆಮೇಲೆ ಬೆಳಕಿನ ಭಯವಿಲ್ಲ.

ಕೋಣೆ ನಿಜವಾಗಿ ಕತ್ತಲೆಯೇ? ಬಾಗಿಲು ಮುಚ್ಚಿ ಐದು ನಿಮಿಷ ಒಳಗೆ ನಿಲ್ಲಬೇಕು. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಬಾಗಿಲ ಸಂದಿಯ ಬೆಳಕು ಕಾಣುತ್ತದೆ. ಕೆಂಪು ದೀಪಕ್ಕೂ ಪರೀಕ್ಷೆಯಿದೆ. ಅದರ ಕೆಳಗೆ ಫೋಟೋ ಕಾಗದದ ತುಂಡಿಟ್ಟು, ಮೇಲೊಂದು ನಾಣ್ಯ ಇಡುತ್ತಾರೆ. ಐದು ನಿಮಿಷದ ನಂತರ ಕಾಗದವನ್ನು ಡೆವಲಪರ್‌ನಲ್ಲಿ ಅದ್ದುತ್ತಾರೆ. ನಾಣ್ಯದ ಗುರುತು ಬಿಳಿಯಾಗಿ ಮೂಡಿದರೆ ಆ ದೀಪ ಸುರಕ್ಷಿತವಲ್ಲ.

ಮಾಡಿ ನೋಡಿ: ಬಿಳಿ ಕಾಗದಕ್ಕೆ ಅರಿಸಿನದ ನೀರು ಹಚ್ಚಿ ನೆರಳಿನಲ್ಲಿ ಒಣಗಿಸಿ. ಮೇಲೆ ನಾಣ್ಯವಿಟ್ಟು ದಿನವಿಡೀ ಬಿಸಿಲಿನಲ್ಲಿಡಿ. ಸಂಜೆ ನಾಣ್ಯ ತೆಗೆಯಿರಿ. ಸುತ್ತಲಿನ ಬಣ್ಣ ಮಾಸಿ, ನಾಣ್ಯದ ಅಡಿಯಲ್ಲಿ ಮಾತ್ರ ಹಳದಿ ಗಾಢವಾಗಿ ಉಳಿದಿದೆಯೇ? ಬೆಳಕು ವಸ್ತುಗಳನ್ನು ಬದಲಿಸುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ನೆನಪಿಡಿ: ದೀಪ ಸುರಕ್ಷಿತವೋ ಅಲ್ಲವೋ ಎಂದು ಹೇಳಬೇಕಾದುದು ನಮ್ಮ ಕಣ್ಣಲ್ಲ, ಫಿಲ್ಮ್‌ನ 'ಕಣ್ಣು'!