ದೊಡ್ಡ ಟೀವಿ ತಂದರೆ ಚಿತ್ರ ಚೆನ್ನಾಗುತ್ತದೆಯೇ?

ಗುಂಡ್ಲುಪೇಟೆಯಿಂದ 4ಕೆ ಟೀವಿ ತಂದು ಬಂಡೀಪುರ ಕಾಡಂಚಿನ ಮದ್ದೂರಿನ ಮನೆ ಗೋಡೆಗೆ ಹಾಕಿದ ಮಾತ್ರಕ್ಕೆ ಚಿತ್ರ ಚೆನ್ನಾಗುವುದಿಲ್ಲ. ಲೆಕ್ಕ ನೋಡಿ: 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕಿಗಳಿವೆ, ಮಾಮೂಲಿ ಎಸ್‌ಡಿ ಚಾನೆಲ್ ಕಳಿಸುವುದು ಹೆಚ್ಚೆಂದರೆ 4.15 ಲಕ್ಷ. ಉಳಿದದ್ದನ್ನು ಟೀವಿಯೇ ಊಹಿಸಿ ತುಂಬುತ್ತದೆ. ಅದಕ್ಕೇ ಹಳೇ ಡಿಶ್ ಚಿತ್ರ ದೊಡ್ಡ ಪರದೆಯಲ್ಲಿ ಇನ್ನಷ್ಟು ಮಸುಕಾಗಿ ಕಾಣುವುದು. ಹಾಗಾಗಿ ಮೊದಲ ಖರ್ಚು ಸಿಗ್ನಲ್‌ಗೆ ಇರಲಿ: ಎಚ್‌ಡಿ ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ ಕೇಬಲ್. ಇಂಟರ್ನೆಟ್‌ನಲ್ಲಿ ನೋಡುವುದಾದರೆ ನೆಟ್‌ಫ್ಲಿಕ್ಸ್ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಕೇಳುತ್ತದೆ. ಬಂಡೀಪುರದ ಕಾಡಂಚಿನಲ್ಲಿ ಮೊಬೈಲ್ ಡೇಟಾ ನೆಚ್ಚಿಕೊಳ್ಳುವ ಮುಂಚೆ ನಿಮ್ಮ ಬೀದಿಗೆ ಫೈಬರ್ ಸಿಗುತ್ತದೆಯೇ ವಿಚಾರಿಸಿ.

‘ಜಿಎಸ್‌ಟಿ ಇಳಿದಿದೆಯಲ್ಲ, ಈಗಲೇ ದೊಡ್ಡದು ತಗೊಂಡರೇನು?’ ಅನ್ನಬಹುದು. ನಿಜ, 2025ರ ಸೆಪ್ಟೆಂಬರ್ 22ರಿಂದ 32 ಇಂಚು ಮೀರಿದ ಟೀವಿಗಳ ತೆರಿಗೆ ಶೇ. 28ರಿಂದ 18ಕ್ಕೆ ಬಂದಿದೆ. ತಗೊಳ್ಳಿ, ಆದರೆ ಕೂರುವ ದೂರ ಅಳೆಯಿರಿ. 43 ಇಂಚಿನ ಪರದೆಯಿಂದ ಸುಮಾರು ಐದೂವರೆ ಅಡಿ ಆಚೆ ಕೂತರೆ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ಕಾಣುವುದು ಕಷ್ಟ. ಗೇಮ್ ಆಡುವವರ ಲೆಕ್ಕ ಬೇರೆ ಎನ್ನುವುದೂ ಸರಿಯೇ. ಆದರೆ ಅವರಿಗೆ ಬೇಕಿರುವುದು ಗಾತ್ರಕ್ಕಿಂತ ವೇಗ. ಬಟನ್ ಒತ್ತಿದ್ದು ಪರದೆಯಲ್ಲಿ ತಡವಿಲ್ಲದೆ ಕಾಣಬೇಕು. ಅದಕ್ಕೆ ಟೀವಿಯ ಗೇಮ್ ಮೋಡ್ ಹಾಕಿ. 4ಕೆಯಲ್ಲಿ 120 ಹರ್ಟ್ಜ್ ಬೇಕಿದ್ದರೆ ಎಚ್‌ಡಿಎಂಐ 2.1 ಪೋರ್ಟ್ ಇದೆಯೇ ನೋಡಿ. ಆಟದ ನಡುವೆ ಕರೆಂಟ್ ಹೋದರೆ ಸೇವ್ ಆಗದ್ದೆಲ್ಲ ಹೋದಂತೆಯೇ, ಆದ್ದರಿಂದ ಕನ್ಸೋಲ್‌ಗೆ ಯುಪಿಎಸ್ ಇರಲಿ. ಮೊದಲು ಸಿಗ್ನಲ್, ಆಮೇಲೆ ಕರೆಂಟ್, ಕೊನೆಗೆ ಪರದೆ: ದುಡ್ಡು ಈ ಸಾಲಿನಲ್ಲೇ ಹೋಗಲಿ.